ಟಿಟಿಯೊಳಗೆ ಸಿಂಕು: ಮೊದಲು ಕೊಳೆ ನೀರಿನ ಯೋಚನೆ ಮಾಡಿ

ಪ್ರಶ್ನೆ: ನಮ್ಮವರು ನಿವೃತ್ತರಾದರು. ಹಳೆಯ ಟಿಟಿಯೊಂದನ್ನು (ಟೆಂಪೋ ಟ್ರಾವೆಲರ್) ಕೊಂಡು ಕ್ಯಾಂಪರ್ ವ್ಯಾನ್ ಮಾಡಿಸುತ್ತಿದ್ದೇವೆ. ಮಂಚ, ಒಲೆ ಕಟ್ಟೆ ಆಗಿದೆ. ಸಿಂಕು, ನೀರು ಬಾಕಿ. ಮೇಲೆ 100 ಲೀಟರ್ ಟ್ಯಾಂಕ್ ಕೂರಿಸಿದರೆ ಪಂಪೇ ಬೇಡ, ಬಳಸಿದ ನೀರಿಗೆ ಕೆಳಗೊಂದು ತೂತು ಕೊರೆದರೆ ಸಾಕು ಎನ್ನುತ್ತಾರೆ ಗ್ಯಾರೇಜಿನವರು. ಹಾಗೆ ಮಾಡಿಸಬಹುದಾ?
– ಓದುಗರು, ತೀರ್ಥಹಳ್ಳಿ

ಉತ್ತರ: ಬೇಡಮ್ಮಾ, ಎರಡೂ ಬೇಡ.

100 ಲೀಟರ್ ನೀರು ಅಂದರೆ 100 ಕೆಜಿ. ಅದನ್ನು ತಲೆಯ ಮೇಲೆ ಹೊತ್ತು ಆಗುಂಬೆ ಘಾಟಿ ಇಳಿಯುವಾಗ ಏನಾಗುತ್ತದೆ ನೋಡಿ. ಟ್ಯಾಂಕ್ ಅರ್ಧ ಖಾಲಿಯಾಗಿದ್ದರೆ ಪ್ರತಿ ತಿರುವಿನಲ್ಲೂ ನೀರು ಒಂದು ಕಡೆಗೆ ನುಗ್ಗುತ್ತದೆ, ಗಾಡಿ ಆ ಕಡೆಗೇ ವಾಲುತ್ತದೆ. ಇಷ್ಟು ಮಾಡಿಯೂ ನಲ್ಲಿಯಲ್ಲಿ ರಭಸ ಇರುವುದಿಲ್ಲ. ಟ್ಯಾಂಕಿಗೂ ನಲ್ಲಿಗೂ ಇರುವ ಎತ್ತರ ಒಂದು ಮೀಟರ್ ಆಸುಪಾಸು, ಅದರಿಂದ ಸಿಗುವ ಒತ್ತಡ ಬರೀ 0.1 ಬಾರ್.

ಇನ್ನು ಆ ತೂತು. ಇದಕ್ಕೆ ನನ್ನ ಒಪ್ಪಿಗೆ ಖಂಡಿತ ಇಲ್ಲ. ಸೋಪು, ಸಾರಿನ ಎಣ್ಣೆ, ಅನ್ನದ ಅಗುಳು ಎಲ್ಲ ನಿಂತ ಜಾಗದಲ್ಲೇ ಬೀಳುತ್ತದೆ. ನಿಮ್ಮಂಥವರು ಗಾಡಿ ನಿಲ್ಲಿಸುವುದೇ ಹೊಳೆ ಬದಿಯಲ್ಲಿ, ಕಾಡಿನ ಅಂಚಿನಲ್ಲಿ ಅಲ್ವಾ? ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಪುರಿ ಹಾಕಿ ಕೈಮುಗಿಯುವ ನಾವು ಅದೇ ಹೊಳೆಗೆ ಪಾತ್ರೆ ತೊಳೆದ ನೀರು ಬಿಡಬಾರದು. ಅನ್ನದ ವಾಸನೆಗೆ ರಾತ್ರಿ ಹಂದಿಯೂ ಬರುತ್ತದೆ.

ಹಾಗಾಗಿ ಕೊಳೆ ನೀರಿನ ಕ್ಯಾನಿಗೆ ಮೊದಲು ಜಾಗ ಮಾಡಿ, ಆಮೇಲೆ ಸಿಂಕು. ಕಟ್ಟೆಯ ಕೆಳಗೆ ಎರಡು ಕ್ಯಾನ್ ಪಕ್ಕಪಕ್ಕ ಕೂರಬೇಕು. ಒಂದು ಒಳ್ಳೆ ನೀರಿಗೆ, 20 ಲೀಟರಿನದು. ಇನ್ನೊಂದು ಕೊಳೆ ನೀರಿಗೆ, ಅದಕ್ಕಿಂತ ದೊಡ್ಡದು, ಬೇರೆ ಬಣ್ಣದ್ದು. ಎರಡಕ್ಕೂ ಬೆಲ್ಟ್ ಹಾಕಿ ಬಿಗಿಯಿರಿ. 20 ಲೀಟರ್ ಕ್ಯಾನ್ ಆದರೆ ಯಾವ ಪೆಟ್ರೋಲ್ ಬಂಕಿನಲ್ಲೂ, ದೇವಸ್ಥಾನದ ನಲ್ಲಿಯಲ್ಲೂ ಕೇಳಿ ತುಂಬಿಸಿಕೊಳ್ಳಬಹುದು. ದೊಡ್ಡ ಟ್ಯಾಂಕಿನ ಒಳಗೆ ಕೈ ಹಾಕಿ ತೊಳೆಯುವುದೂ ಕಷ್ಟ.

ಈಗ ಒಂದು ಸಣ್ಣ ವಿಷಯ, ಆದರೆ ತುಂಬ ಜನ ಇದನ್ನೇ ಬಿಟ್ಟುಬಿಡುತ್ತಾರೆ. ಸಿಂಕಿನ ಪೈಪನ್ನು ಕೊಳೆ ಕ್ಯಾನಿನ ಬಾಯಿಗೆ ಬಿಗಿಯಾಗಿ ಕೂರಿಸಿದರೆ ಒಳಗಿನ ಗಾಳಿಗೆ ದಾರಿ ಇರುವುದಿಲ್ಲ. ನೀರು ಗುಳುಗುಳು ಅನ್ನುತ್ತ ಸಿಂಕಿನಲ್ಲೇ ನಿಲ್ಲುತ್ತದೆ. ಮುಚ್ಚಳದಲ್ಲಿ ಪೆನ್ಸಿಲ್ ದಪ್ಪದ ಇನ್ನೊಂದು ತೂತು ಮಾಡಿ, ಸಣ್ಣ ನಳಿಕೆ ಸಿಕ್ಕಿಸಿ ಮೇಲಕ್ಕೆ ಎತ್ತಿ ಕಟ್ಟಿ. ಒಳ್ಳೆ ನೀರಿನ ಕ್ಯಾನಿಗೂ ಹಾಗೆಯೇ ಗಾಳಿ ಬೇಕು. ಸುರುಳಿ ಪೈಪು ತರಬೇಡಿ, ಅದರ ಮಡಿಕೆಯಲ್ಲಿ ಜಿಡ್ಡು ಕೂತು ನಾರುತ್ತದೆ. ಒಳಗೆ ನುಣುಪಾಗಿರುವುದನ್ನೇ ಕೇಳಿ. ಮನೆಯ ಸಿಂಕಿನ ಕೆಳಗೆ ಸ್ವಲ್ಪ ನೀರು ನಿಲ್ಲಿಸಿಕೊಂಡು ವಾಸನೆ ತಡೆಯುವ ಬಾಟಲ್ ಟ್ರ್ಯಾಪ್ ಇಲ್ಲಿ ಅಷ್ಟು ಪ್ರಯೋಜನವಿಲ್ಲ, ಗಾಡಿ ಕುಲುಕಿದಾಗ ಅದರ ನೀರು ಚೆಲ್ಲಿಹೋಗುತ್ತದೆ. ಸಿಂಕಿಗೆ ರಬ್ಬರ್ ಬಿರಡೆ ಹಾಕಿಡಿ, ವಾಸನೆ ಬರುವುದಿಲ್ಲ.

ಸಿಂಕಿಗೆ ಜಾಸ್ತಿ ದುಡ್ಡು ಸುರಿಯಬೇಡಿ. ಪಾತ್ರೆ ಅಂಗಡಿಯಲ್ಲಿ ದಪ್ಪ ತಳದ ಸ್ಟೀಲ್ ಬೋಗುಣಿ ತಂದು, ತಳಕ್ಕೆ ತೂತು ಹೊಡೆಸಿ, ಆ ತೂತಿಗೆ ಪೈಪು ಜೋಡಿಸುವ ವೇಸ್ಟ್ ಕಪ್ಲಿಂಗ್ ಹಾಕಿಸಿದರೆ ಆಯಿತು. ಆರು ಇಂಚಾದರೂ ಆಳ ಇರಲಿ. ಇಲ್ಲದಿದ್ದರೆ ಹಾಸಿಗೆವರೆಗೂ ಸಿಡಿಯುತ್ತದೆ.

ಪಂಪಿಗೆ ನಿಮ್ಮೂರಲ್ಲೇ ದಾರಿ ಇದೆ. ತೋಟಕ್ಕೆ ಬೆನ್ನಿಗೆ ಹಾಕಿಕೊಂಡು ಹೊಡೆಯುವ ಬ್ಯಾಟರಿ ಸ್ಪ್ರೇಯರಿನೊಳಗೆ ಇರುವುದು 12 ವೋಲ್ಟಿನ ಡಯಾಫ್ರಾಮ್ ಪಂಪು. ನಲ್ಲಿ ತೆರೆದರೆ ಓಡುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ಬಿಡಿಭಾಗವಾಗಿ ಹೊಸದೇ ಕೊಳ್ಳಿ. ಔಷಧಿ ಹೊಡೆದ ಹಳೇ ಸ್ಪ್ರೇಯರಿನದನ್ನು ಯಾವ ಕಾರಣಕ್ಕೂ ಬಿಚ್ಚಿ ಹಾಕಬೇಡಿ, ಎಷ್ಟು ತೊಳೆದರೂ ಅದು ಅಡುಗೆಗೆ ಸಲ್ಲದು. ಹೊಸದಾದರೂ ಈ ನಲ್ಲಿ ಪಾತ್ರೆ, ಕೈ ತೊಳೆಯುವುದಕ್ಕೆ ಮಾತ್ರ. ಕುಡಿಯುವ ನೀರು ಬೇರೆ ಇಟ್ಟುಕೊಳ್ಳಿ. ಆರ್‌ಒ ಯಂತ್ರದ ಪಂಪು ಸಾಮಾನ್ಯವಾಗಿ 24 ವೋಲ್ಟಿನದು, ಅದು ನಿಮ್ಮ ಗಾಡಿಗೆ ಹೊಂದುವುದಿಲ್ಲ.

ಪಂಪಿನ ವೈರಿಗೆ ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಲಿ. 4 ಆಂಪಿಯರ್ ಪಂಪಿಗೆ 7.5 ಆಂಪಿಯರ್ ಫ್ಯೂಸ್ ಸಾಕು. ಸಿಂಕಿನ ಪಕ್ಕ ಒಂದು ಸ್ವಿಚ್ ಬೇಕೇ ಬೇಕು, ಮಲಗುವಾಗ ಮತ್ತು ಗಾಡಿ ಓಡುವಾಗ ಆಫ್ ಮಾಡಬೇಕು. ಪೈಪು ಕಳಚಿಕೊಂಡರೆ ಪಂಪಿಗೆ ಅದು ಗೊತ್ತಾಗುವುದಿಲ್ಲ, ಕ್ಯಾನ್ ಪೂರ್ತಿ ಖಾಲಿಯಾಗುವ ತನಕ ಓಡುತ್ತದೆ.

ನಲ್ಲಿಯ ಬಾಯಿಗೆ ಏರೇಟರ್, ಅಂದರೆ ನೀರಿಗೆ ಗಾಳಿ ಬೆರೆಸಿ ಕಡಿಮೆ ನೀರು ಬಿಡುವ ಸಣ್ಣ ಜಾಲರಿ, ಹಾಕಿಸಿ. 2024ರಲ್ಲಿ ನೀರಿಗೆ ಹಾಹಾಕಾರವಾದಾಗ ಬೆಂಗಳೂರಿನ ಜಲಮಂಡಳಿ ಅಪಾರ್ಟ್‌ಮೆಂಟು, ಹೋಟೆಲುಗಳಿಗೆ ಕಡ್ಡಾಯ ಮಾಡಿದ್ದು ಇದನ್ನೇ. ತಟ್ಟೆಗಳನ್ನು ಮೊದಲು ಪೇಪರಿನಲ್ಲಿ ಒರೆಸಿ ತೊಳೆದರೆ ನೀರು ಇನ್ನೂ ಉಳಿಯುತ್ತದೆ.

ಕ್ಯಾನ್ ತೊಳೆಯಲು 20 ಲೀಟರ್ ನೀರಿಗೆ ವಾಸನೆ ಬೆರೆಸದ 5% ಬ್ಲೀಚ್ 20 ಮಿ.ಲೀ. ಹಾಕಿ. ನಲ್ಲಿಯಿಂದಲೂ ಸ್ವಲ್ಪ ಬಿಟ್ಟು ನಾಲ್ಕು ಗಂಟೆ ಬಿಡಿ. ಆಮೇಲೆ ವಾಸನೆ ಹೋಗುವ ತನಕ ಒಳ್ಳೆ ನೀರು ಹರಿಸಿ.

ಸೀಟು ತೆಗೆಸಿದ್ದೀರಿ ಅಂತ ಕಾಣುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಿಸುವ ಹಾಗಿಲ್ಲ. ಆರ್‌ಟಿಒಗೆ ಹೋಗಿ ಕೇಳಿ, ಆರ್‌ಸಿ ಸರಿ ಮಾಡಿಸಿಕೊಳ್ಳಿ.

ಎಲ್ಲ ಜೋಡಿಸಿದ ಮೇಲೆ ಕಟ್ಟೆಯ ಬಾಗಿಲು ಕೂಡಲೇ ಹಾಕಿಸಬೇಡಿ. ಕ್ಯಾನ್ ತುಂಬಿಸಿ ಶಿವಮೊಗ್ಗದವರೆಗೆ ಹೋಗಿ ಬನ್ನಿ. ಬಂದು ಪೈಪು ಬಿಗಿದ ಒಂದೊಂದು ಕ್ಲಿಪ್ಪಿನ ಕೆಳಗೂ ಒಣ ಪೇಪರ್ ಒತ್ತಿ ನೋಡಿ. ಒದ್ದೆಯಾದ ಕಡೆ ಬಿಗಿ ಮಾಡಿಸಿ, ಆಮೇಲೆ ಬಡಗಿಯನ್ನು ಕರೆಸಿ.