ಹಳೆ ಕ್ಯಾಂಪರ್ ವ್ಯಾನ್ ಎಂಜಿನ್: ಹೆಡ್ ಮಾತ್ರ ಮಾಡಿಸಿದರೆ ಸಾಕೇ, ಕೇಸ್ ಬಿಚ್ಚಲೇಬೇಕೇ?

ನಿಮ್ಮದು ಫೋಕ್ಸ್‌ವ್ಯಾಗನ್ ಟೈಪ್ 2 ಕ್ಯಾಂಪರ್, ಏರ್ ಕೂಲ್ಡ್ 1600 ಎಂಜಿನ್. ಮೂರನೇ ಸಿಲಿಂಡರ್‌ನಲ್ಲಿ ಕಂಪ್ರೆಷನ್ (ಪಿಸ್ಟನ್ ಒತ್ತಿದಾಗ ಒಳಗೆ ಏರುವ ಒತ್ತಡ) ಕಡಿಮೆ, ಕೆಳಗೆ ಆಯಿಲ್ ಸೋರುತ್ತಿದೆ. ಎಲ್ಲಿಯವರೆಗೆ ಬಿಚ್ಚಬೇಕು ಎಂಬುದು ಪ್ರಶ್ನೆ: ವಾಲ್ವ್‌ಗಳಿರುವ ಹೆಡ್ ಇಳಿಸಿದರೆ ಸಾಕೇ, ಕ್ರ್ಯಾಂಕ್‌ಶಾಫ್ಟ್ ಕೂತಿರುವ ಕೇಸ್ (ಎಂಜಿನ್ನಿನ ಹೊರಕವಚ) ಕೂಡ ಬಿಚ್ಚಬೇಕೇ?

ನನ್ನ ಪ್ರಕಾರ ಇದನ್ನು ಎರಡು ಅಳತೆಗಳಿಗೆ ಬಿಡಬೇಕು: ಕ್ರ್ಯಾಂಕ್‌ಶಾಫ್ಟಿನ ಎಂಡ್ ಪ್ಲೇ (ಅದು ಹಿಂದೆ ಮುಂದೆ ಸರಿಯುವ ಸಡಿಲ), ಮತ್ತು ಎಂಜಿನ್ ಬಿಸಿಯಾದಾಗಿನ ಆಯಿಲ್ ಪ್ರೆಷರ್. ಎಂಜಿನ್ ವ್ಯಾನಿನಲ್ಲೇ ಇರುವಾಗ ಎರಡನ್ನೂ ನೋಡಬಹುದು. ಹಾಗಾಗಿ ಒಂದು ನಟ್ ಸಡಿಲಿಸುವ ಮೊದಲೇ ಅಳೆದುಬಿಡಿ.

ಡಯಲ್ ಗೇಜ್ ಇಟ್ಟು, ಹಿಂದಿನ ಪುಲ್ಲಿಯನ್ನು ಹಿಡಿದು ಒಳಕ್ಕೆ ತಳ್ಳಿ, ಹೊರಕ್ಕೆ ಎಳೆಯಿರಿ. 0.07ರಿಂದ 0.13 ಮಿಮೀ ಇದ್ದರೆ ಸರಿ, 0.15 ಕೊನೆಯ ಮಿತಿ. ಕೈ ಅಂದಾಜಿಗೆ ಹೋಗಬೇಡಿ, 0.1 ಮಿಮೀ ಕೂಡ ಕೈಗೆ ಟಕ್ ಎನ್ನುತ್ತದೆ. ಮಿತಿ ಮೀರಿದ್ದರೆ ಫ್ಲೈವೀಲ್ ತೆಗೆದು ಒಳಗಿನ ಮೂರು ಶಿಮ್‌ಗಳನ್ನು (ತೆಳು ಲೋಹದ ಬಳೆಗಳನ್ನು) ಬದಲಿಸಿದರೆ ಸಾಕು ಎನ್ನುವವರಿದ್ದಾರೆ. ಬೇರಿಂಗ್ ತನ್ನ ಜಾಗದಲ್ಲಿ ಬಿಗಿಯಾಗಿ ಕೂತಿದ್ದರೆ ಆ ಮಾತು ನಿಜ. ಆದರೆ ಈ ಕೇಸ್ ಮೆಗ್ನೀಷಿಯಂನದು, ಮೆದು. ಕ್ರ್ಯಾಂಕ್‌ಶಾಫ್ಟನ್ನು ಹೊರುವ, ಫ್ಲೈವೀಲ್ ಬದಿಯ ಮೊದಲನೇ ಮೇನ್ ಬೇರಿಂಗ್ ಬಡಿದೂ ಬಡಿದೂ ಕೂರುವ ಜಾಗವನ್ನೇ ಅಗಲ ಮಾಡಿಕೊಂಡಿದ್ದರೆ ಶಿಮ್ ಹಾಕಿದರೂ ಪ್ಲೇ ಮರಳಿ ಬರುತ್ತದೆ. ಎಂಜಿನ್ ಇಳಿಸಿದಾಗ ಫ್ಲೈವೀಲನ್ನು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಅಲುಗಿದರೆ ಕೇಸ್ ಬಿಚ್ಚಿ ಲೈನ್ ಬೋರಿಂಗ್ (ಬೇರಿಂಗ್ ಕೂರುವ ಜಾಗಗಳನ್ನು ಒಂದೇ ಸಾಲಿನಲ್ಲಿ ಮತ್ತೆ ಕೊರೆಯುವುದು) ಮಾಡಿಸಿ, ಓವರ್‌ಸೈಜ್ ಬೇರಿಂಗ್ ಹಾಕುವುದೊಂದೇ ದಾರಿ.

ಪ್ರೆಷರ್ ವಿಷಯದಲ್ಲಿ ಡ್ಯಾಶ್‌ಬೋರ್ಡಿನ ಕೆಂಪು ದೀಪವನ್ನು ನಂಬಬೇಡಿ, ಬರೀ 0.15ರಿಂದ 0.45 ಬಾರ್ ಬಂದರೆ ಅದು ಆರಿಹೋಗುತ್ತದೆ. ಅದರ ಸ್ವಿಚ್ ಬಿಚ್ಚಿ ಅಲ್ಲಿ ಗೇಜ್ ಹಾಕಿ. ಆಯಿಲ್ 70 ಡಿಗ್ರಿ ಸೆಲ್ಸಿಯಸ್‌ಗೆ ಬಂದ ಮೇಲೆ 2,500 ಆರ್‌ಪಿಎಂನಲ್ಲಿ ಓದಿ. ಎಸ್‌ಎಇ 30 ಆಯಿಲ್‌ಗೆ 42 ಪಿಎಸ್‌ಐ ಸರಿಯಾದ ಲೆಕ್ಕ, 28 ಕೆಳಮಿತಿ. ದಪ್ಪ ಆಯಿಲ್ ಸುರಿದು ಅಂಕಿ ಏರಿಸಿದರೆ ಸವೆತ ಕಣ್ಣಿಗೆ ಮರೆಯಾಗುತ್ತದೆ, ಅಷ್ಟೇ.

ಇವೆರಡೂ ಸರಿಯಿದ್ದರೆ ಕೇಸಿನ ತಂಟೆಗೆ ಹೋಗಬೇಡಿ. ಸರಿಯಿಲ್ಲದಿದ್ದರೆ ಮೇಲೆ ಹೊಸ ಹೆಡ್ ಕೂರಿಸುವುದು ದುಡ್ಡು ದಂಡ, ನಾಳೆ ಅದೆಲ್ಲವನ್ನೂ ಮತ್ತೆ ಬಿಚ್ಚಬೇಕಾಗುತ್ತದೆ.

ಈಗ ಮೂರನೇ ಸಿಲಿಂಡರ್. ಹಳೆಯ ಫ್ಯಾನ್ ಹೌಸಿಂಗ್‌ನಲ್ಲಿ ಆಯಿಲ್ ಕೂಲರ್ ಅದರ ಗಾಳಿಯ ದಾರಿಗೇ ಅಡ್ಡ ನಿಂತಿರುತ್ತದೆ, ಹಾಗಾಗಿ ಈ ಸಿಲಿಂಡರ್ ಉಳಿದವಕ್ಕಿಂತ ಹೆಚ್ಚು ಬಿಸಿಯಾಗುತ್ತದೆ. ಎಂಜಿನ್ ತಣ್ಣಗಿರುವಾಗ ಟ್ಯಾಪೆಟ್ ಗ್ಯಾಪ್ (ವಾಲ್ವಿನ ತುದಿಗೂ ಅದನ್ನು ತಳ್ಳುವ ರಾಕರಿಗೂ ನಡುವಿನ ಸಂದಿ) 0.15 ಮಿಮೀ ಇಟ್ಟು, ಆಮೇಲೆ ಕಂಪ್ರೆಷನ್ ಮತ್ತೆ ನೋಡಿ: ಈಗ ಎಂಜಿನ್ ಬೆಚ್ಚಗಿರಲಿ, ನಾಲ್ಕೂ ಪ್ಲಗ್ ತೆಗೆದಿರಲಿ, ಥ್ರಾಟಲ್ ಪೂರ್ತಿ ತೆರೆದಿರಲಿ. ಗ್ಯಾಪ್ ಪದೇ ಪದೇ ಕಮ್ಮಿಯಾಗುತ್ತಿದ್ದರೆ ಎಕ್ಸಾಸ್ಟ್ ವಾಲ್ವ್ ಉದ್ದವಾಗುತ್ತಿದೆ, ಇಲ್ಲವೇ ಸೀಟಿನೊಳಗೆ ಇಳಿಯುತ್ತಿದೆ. ಆಗ ದಯವಿಟ್ಟು ಗಾಡಿ ಓಡಿಸಬೇಡಿ, ವಾಲ್ವಿನ ತಲೆ ಮುರಿದು ಬಿದ್ದರೆ ಪಿಸ್ಟನ್ನೂ ಹೆಡ್ಡೂ ಒಟ್ಟಿಗೇ ಹೋಗುತ್ತವೆ. ಗ್ಯಾಪ್ ಹೆಚ್ಚುತ್ತಿದ್ದರೆ ಹೆಡ್ ಸ್ಟಡ್ (ಹೆಡ್ಡನ್ನು ಕೇಸಿಗೆ ಬಿಗಿಯುವ ಉದ್ದ ಬೋಲ್ಟ್) ಕೇಸಿನಿಂದ ಕಿತ್ತು ಬರುತ್ತಿರಬಹುದು.

ಆಮೇಲೆ ಪಿಸ್ಟನ್ನನ್ನು ಕಂಪ್ರೆಷನ್ ಸ್ಟ್ರೋಕಿನ ತುದಿಗೆ ತಂದು, ಕ್ರ್ಯಾಂಕ್ ತಿರುಗದಂತೆ ಗಾಡಿಯನ್ನು ಗೇರಿನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಹಾಕಿ, ಪ್ಲಗ್ ತೂತಿನಿಂದ ಗಾಳಿ ಬಿಡಿ. ಬುಸ್ ಸದ್ದು ಸೈಲೆನ್ಸರ್‌ನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ಕಾರ್ಬೊರೇಟರ್‌ನಲ್ಲಿ ಕೇಳಿದರೆ ಇನ್‌ಟೇಕ್ ವಾಲ್ವ್, ಆಯಿಲ್ ಹಾಕುವ ಬಾಯಲ್ಲಿ ಕೇಳಿದರೆ ಪಿಸ್ಟನ್ನಿನ ರಿಂಗ್ ಸೋರುತ್ತಿದೆ ಎಂದರ್ಥ. ರಿಂಗ್ ಸವೆದಿದೆಯೇ ಎಂದು ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ನೋಡುವ ಪರೀಕ್ಷೆ ಇಲ್ಲಿ ಅಷ್ಟು ನಂಬಿಕೆಯದಲ್ಲ, ಮಲಗಿದ ಸಿಲಿಂಡರ್‌ನಲ್ಲಿ ಆಯಿಲ್ ಒಂದೇ ಬದಿಗೆ ಇಳಿಯುತ್ತದೆ.

ಹೆಡ್ ಇಳಿಸಿದರೆ ನಾಲ್ಕೂ ಎಕ್ಸಾಸ್ಟ್ ವಾಲ್ವ್ ಹೊಸದು ಹಾಕಿ, ಗೈಡ್ (ವಾಲ್ವಿನ ಕಾಂಡ ಓಡಾಡುವ ಕೊಳವೆ) ಸವೆದಿದ್ದರೆ ಅದನ್ನೂ ಬದಲಿಸಿ. ಗೆರೆ ಬಿದ್ದ ಸಿಲಿಂಡರಿಗೆ ರಿಂಗ್ ಮಾತ್ರ ಹಾಕುವುದು ಬೇಡ, 85.5 ಮಿಮೀ ಪಿಸ್ಟನ್-ಸಿಲಿಂಡರ್ ಸೆಟ್ಟನ್ನೇ ತನ್ನಿ. ಕೇಸ್ ಕೊರೆಯದೆ ಕೂರುತ್ತದೆ ಎಂದು 87 ಮಿಮೀ ಸೆಟ್ ಮಾರುತ್ತಾರೆ. ಅದರ ಗೋಡೆ ತೀರಾ ತೆಳು, ಕಾದಾಗ ಆಕಾರ ಕೆಡುತ್ತದೆ, ಭಾರದ ಕ್ಯಾಂಪರಿಗಂತೂ ಸಲ್ಲದು. ಹೆಡ್ ನಟ್‌ಗಳ ಟಾರ್ಕ್ 8 ಮಿಮೀ ಸ್ಟಡ್‌ಗೆ 25, 10 ಮಿಮೀ ಸ್ಟಡ್‌ಗೆ 32 ನ್ಯೂಟನ್ ಮೀಟರ್. ಟಾರ್ಕ್ ಏರದೆ ನಟ್ ಸುಮ್ಮನೆ ತಿರುಗುತ್ತಲೇ ಇದ್ದರೆ ಕೇಸಿನ ಥ್ರೆಡ್ ಹೋಗಿದೆ, ಅಲ್ಲಿ ಇನ್ಸರ್ಟ್ (ಹೊಸ ಥ್ರೆಡ್ ಇರುವ ಲೋಹದ ಕೊಳವೆ) ಹಾಕಿಸಬೇಕು.

ಆಯಿಲ್ ಸೋರಿಕೆಯೊಂದನ್ನೇ ನೋಡಿ ಕೇಸ್ ಬಿಚ್ಚಬೇಡಿ. ಪುಷ್‌ರಾಡ್ ಟ್ಯೂಬ್ ಸೀಲ್, ಆಯಿಲ್ ಕೂಲರ್ ಸೀಲ್, ಫ್ಲೈವೀಲ್ ಸೀಲ್ ಮೂರನ್ನೂ ಕೇಸ್ ಮುಟ್ಟದೆ ಬದಲಿಸಬಹುದು. ಟ್ಯಾಪೆಟ್‌ಗಳ (ಕ್ಯಾಮ್ ಮೇಲೆ ಕೂತು ಪುಷ್‌ರಾಡನ್ನು ತಳ್ಳುವ ತುಂಡುಗಳ) ಮುಖ ಅಥವಾ ಕ್ಯಾಮ್ ಸವೆದಿದ್ದರೆ ಮಾತ್ರ ಬೇರೆ ಮಾತು, ಈ ಎಂಜಿನ್ನಿನಲ್ಲಿ ಕೇಸ್ ಬಿಚ್ಚದೆ ಅವು ಹೊರಬರುವುದಿಲ್ಲ. ಹಾಗೆಯೇ ಫ್ಲೈವೀಲ್ ಹಿಂದೆ, ಮೂರನೇ ಸಿಲಿಂಡರ್ ಪಕ್ಕದಲ್ಲಿ ಕೇಸ್ ಬಿರುಕು ಬಿಟ್ಟಿದ್ದರೆ ಬೇರೆ ಕೇಸ್ ಹುಡುಕಿ.

ಯಾವ ಮಟ್ಟದ ಕೆಲಸ ಮಾಡಿದರೂ, ಎಂಜಿನ್ ಏರಿಸುವಾಗ ಸುತ್ತಲಿನ ತಗಡುಗಳನ್ನು ಒಂದೂ ಬಿಡದೆ ಹಾಕಿ, ಅಂಚಿನ ರಬ್ಬರ್ ಸೀಲ್ ಹೊಸದಿರಲಿ. ಅಲ್ಲಿ ಸಂದಿಯಿದ್ದರೆ ಕೆಳಗಿನ ಬಿಸಿ ಗಾಳಿಯನ್ನೇ ಫ್ಯಾನ್ ಮತ್ತೆ ಎಳೆದುಕೊಳ್ಳುತ್ತದೆ, ಹೊಸ ವಾಲ್ವೂ ಹಳೆಯದರ ಹಾಗೆಯೇ ಸುಡುತ್ತದೆ.