ರಾಗಿ ಹೊಲಕ್ಕೆ ಹೆಸರೂ ಬೇಕು

ಕಡೂರು ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: ‘ಮೂರು ಎಕರೆ ಕೆಂಪು ಮಣ್ಣು, ಬೋರ್‌ವೆಲ್ ಇಲ್ಲ. ಏಳು ವರ್ಷದಿಂದ ಬರೀ ರಾಗಿ. ಇಳುವರಿ ಇಳಿದಿದೆ, ಹೋದ ವರ್ಷ ಎಲೆ, ತೆನೆ ಸುಟ್ಟಂತೆ ಒಣಗುವ ಬೆಂಕಿ ರೋಗ ಬೇರೆ. ಶುಂಠಿ ಹಾಕು ಅಂತಾರೆ ಪಕ್ಕದವರು. ಸೂರ್ಯಕಾಂತಿ ಆದೀತಾ? ಏನು ಮಾಡಲಿ?’

ಸಂಪಾದಕರ ಉತ್ತರ:

ಶುಂಠಿ ಬೇಡ ಸ್ವಾಮಿ. ಶುಂಠಿ ಬೆಳೆಯುವ ಮೂಡಿಗೆರೆಯೂ ನಿಮ್ಮ ಕಡೂರೂ ಒಂದೇ ಜಿಲ್ಲೆ ಇರಬಹುದು. ಅಲ್ಲಿ ಮಳೆ 2000 ಮಿ.ಮೀ. ದಾಟುತ್ತದೆ, ನಿಮ್ಮಲ್ಲಿ 600ರ ಆಸುಪಾಸು. ಹಾಗಂತ ರಾಗಿ ಬಿಡಿ ಅಂತಲೂ ಹೇಳಲಾರೆ. ದನಕ್ಕೆ ಹುಲ್ಲು ಎಲ್ಲಿಂದ ತರ್ತೀರಿ?

ಹೊಲವನ್ನು ಮೂರು ಪಾಲು ಮಾಡಿ. ಮೊದಲನೇ ಎಕರೆಗೆ ಭರಣಿ, ಕೃತ್ತಿಕೆ ಮಳೆಯ (ಏಪ್ರಿಲ್ ಕೊನೆ, ಮೇ) ಹದಕ್ಕೆ ಹೆಸರುಕಾಳು ಬಿತ್ತಿ. ಅರವತ್ತೈದು, ಎಪ್ಪತ್ತು ದಿನಕ್ಕೆ ಕಾಯಿ ಬಿಡಿಸಿಕೊಂಡು, ಗಿಡವನ್ನು ಅಲ್ಲೇ ಉತ್ತುಬಿಡಿ. ಪುಷ್ಯ ಮಳೆಗೆ (ಜುಲೈ ಕೊನೆ) ಅದೇ ನೆಲಕ್ಕೆ ರಾಗಿ. ಎರಡನೇ ಎಕರೆಗೆ ಎಳ್ಳು, ಅದು ಕೊಯ್ದ ಮೇಲೆ ಹುಬ್ಬ, ಉತ್ತರೆ ಮಳೆಗೆ (ಸೆಪ್ಟೆಂಬರ್) ಹುರುಳಿ. ಮೂರನೆಯದರಲ್ಲಿ ನಮ್ಮ ಹಿರಿಯರ ಅಕ್ಕಡಿ: ಎಂಟು ಸಾಲು ರಾಗಿ, ಎರಡು ಸಾಲು ತೊಗರಿ. ತೊಗರಿ ಬೇರು ಆಳಕ್ಕೆ ಇಳಿಯುತ್ತದೆ, ರಾಗಿ ಬೇರು ಮೇಲೆಯೇ ಇರುತ್ತದೆ. ಜಗಳ ಕಡಿಮೆ. ಮುಂದಿನ ವರ್ಷ ಪಾಲುಗಳನ್ನು ಅದಲು ಬದಲು ಮಾಡಿ.

ಬೆಂಕಿ ರೋಗಕ್ಕೆ ಬೆಳೆ ಬದಲಿಸಿದರೆ ಸಾಲದು, ತಳಿಯನ್ನೂ ಬದಲಿಸಿ. ಜಿಪಿಯು-28 ಈ ರೋಗ ತಡೆದುಕೊಳ್ಳುತ್ತದೆ, ಸುಮಾರು 110 ದಿನದ ತಳಿ. ಬಿತ್ತನೆ ಆಗಸ್ಟ್ ಕೊನೆಗೆ ಜಾರಿತು ಅಂದರೆ ಮಾತ್ರ ನೂರು ದಿನದೊಳಗಿನ ಜಿಪಿಯು-48 ಹುಡುಕಿ. ಇಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಮನೆಯಲ್ಲಿ ಉಳಿದಿತ್ತು ಅಂತ ದೀರ್ಘಾವಧಿ ಬೀಜವನ್ನು ಮಖೆ ಮಳೆಯಲ್ಲಿ (ಆಗಸ್ಟ್ ಕೊನೆ) ಬಿತ್ತಿದೆ. ತೆನೆ ಬಂತು, ಮಳೆ ನಿಂತಿತು. ಕಣದಲ್ಲಿ ತೂರಿದಾಗ ಕಾಳಿಗಿಂತ ಹೊಟ್ಟೇ ಜಾಸ್ತಿ. ಕಡೆಗೆ ಉಳಿದಿದ್ದು ಹುಲ್ಲು ಮಾತ್ರ.

ಸೂರ್ಯಕಾಂತಿ ಬಗ್ಗೆಯೂ ಕೇಳಿದ್ದೀರಿ. ಹಾಕಬಹುದು, ಆದರೆ ಒಂದೇ ಜಾಗದಲ್ಲಿ ವರ್ಷ ವರ್ಷವೂ ಬೇಡ.

ಇನ್ನೊಂದು. ಹೆಸರು ಹೂವಿಗೆ ಬಂದಾಗ ಒಂದು ಗಿಡವನ್ನು ಮಣ್ಣು ಸಮೇತ ಮೆಲ್ಲಗೆ ಅಗೆದು ತೆಗೆಯಿರಿ. ಸುಮ್ನೆ ಕಿತ್ತರೆ ಬೇರಿನ ಗಂಟು ನೆಲದಲ್ಲೇ ಉಳಿಯುತ್ತದೆ. ಒಂದು ಗಂಟನ್ನು ಉಗುರಿನಲ್ಲಿ ಸೀಳಿ ನೋಡಿ. ಒಳಗೆ ನಸುಗೆಂಪಾಗಿದ್ದರೆ ಗಾಳಿಯ ಸಾರಜನಕ ಗಿಡಕ್ಕೆ ಸಿಗುತ್ತಿದೆ ಅಂತ ಅರ್ಥ. ಬೆಳ್ಳಗೋ ಹಸಿರಾಗಿಯೋ ಇದ್ದರೆ, ಮುಂದಿನ ಸಲ ಬೀಜಕ್ಕೆ ರೈಜೋಬಿಯಂ (ಗಂಟಿನೊಳಗೆ ಸಾರಜನಕ ಹಿಡಿಯುವ ಸೂಕ್ಷ್ಮಾಣುಗಳ ಗೊಬ್ಬರ) ಹಚ್ಚಿ, ನೆರಳಲ್ಲಿ ಆರಿಸಿ ಬಿತ್ತಿ.