ಮಗನ ಮಂಡಿಚಿಪ್ಪು ಎಕ್ಸ್‌ರೇಯಲ್ಲಿ ಎರಡಾಗಿ ಕಾಣುತ್ತಿದೆ, ಆಪರೇಷನ್ ಬೇಕಾ?

ಕಬಡ್ಡಿ ಆಡುವ 14ರ ಹುಡುಗನ ಚಿಪ್ಪು ಹೀಗೆ ಕಂಡರೆ ಗಾಬರಿ ಸಹಜ, ಅಲ್ವಾ? ಆದರೆ ಅದು ಮುರಿತವೇ ಆಗಿರಬೇಕಿಲ್ಲ. ಚಿಕ್ಕಂದಿನಲ್ಲಿ ಚಿಪ್ಪು ಮೂಳೆಯಾಗಿ ಗಟ್ಟಿಯಾಗುವಾಗ ಒಂದು ಚೂರು ಬೆಸೆಯದೆ ಉಳಿದಿರಬಹುದು. ಇದೇ ಬೈಪಾರ್ಟೈಟ್ ಪಟೆಲ್ಲಾ. ನೂರಕ್ಕೆ ಸುಮಾರು 2 ಜನರಲ್ಲಿ ಇರುತ್ತದೆ, ಹೆಚ್ಚಿನವರಿಗೆ ನೋವೇ ಇರುವುದಿಲ್ಲ.

ಚೂರಿನ ಅಂಚು ನೋಡಬೇಕು. ಹೊಸ ಮುರಿತದ ಅಂಚು ಚೂಪು. ಇದರದು ನುಣುಪು, ದುಂಡಗೆ, ಜಾಸ್ತಿ ಸಲ ಚಿಪ್ಪಿನ ಮೇಲಿನ ಹೊರಮೂಲೆಯಲ್ಲಿ. ಅಲ್ಲೇ ಬೆರಳಿಟ್ಟು ಒತ್ತಿದಾಗ ಹುಡುಗ 'ಅಮ್ಮಾ' ಅಂದರೆ ನೋವಿನ ಮೂಲ ಬಹುಶಃ ಅದೇ. ಅನುಮಾನ ಉಳಿದರೆ ಎಂಆರ್‌ಐ. ಚೂರಿನ ಸುತ್ತ ಮೂಳೆಯೊಳಗಿನ ಊತ ಅದರಲ್ಲಿ ಕಾಣುತ್ತದೆ.

ಕೆಲವು ವಾರ ಆಟಕ್ಕೆ ಬಿಡುವು, ತೊಡೆಯ ಮುಂಭಾಗದ ಸ್ನಾಯುಗಳಿಗೆ ಸ್ಟ್ರೆಚಿಂಗ್, ಫಿಸಿಯೋಥೆರಪಿ. ಬಹಳಷ್ಟು ಮಕ್ಕಳಿಗೆ ಇಷ್ಟೇ ಸಾಕು. ಸುಮ್ನೆ ಆಪರೇಷನ್‌ಗೆ ಓಡಬೇಡಿ. ಆರು ತಿಂಗಳಾದರೂ ನೋವು ಬಿಡದಿದ್ದರೆ ಆಗ ಚೂರು ತೆಗೆಸುವ ಮಾತು. ಆದರೆ ಬಿದ್ದ ಕೂಡಲೇ ಮಂಡಿ ಊದಿ ಕಾಲು ನೇರ ಮಾಡಲಾಗದಿದ್ದರೆ ಕಾಯಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ.